ಜವರಯ್ಯ ಕೂರುತ್ತಿದ್ದ ಚಪ್ಪಡಿ

“ಆ ಚಪ್ಪಡಿಗೆ ಹಾರೆ ಇಕ್ಕುದ್ರೆ ಇಕ್ಕಿದ ಕೈ ಮುರೀತೀನಿ ಕಣಣ್ಣ. ಆಳಾದ್ರೂ ಸರಿ, ನೀನಾದ್ರೂ ಸರಿ.”

“ಮುರಿಯಲಾ, ನೋಡವಾ. ಅರವತ್ತು ವರ್ಷದೋನ ಕೈ ಮುರ್ದು ಅದ್ಯಾವ ಪದಕ ತಗತೀಯೋ ತಗೊ.”

“ಅಂಗಳ ನನ್ನ ಪಾಲಿಗೆ ಬಂದಿರೋದು. ಪಾಲುಪಟ್ಟಿ ತಗ್ದು ನೋಡು.”

“ಅಂಗಳ ನಿಂದು, ಸರಿ. ತಾತ ಇಬ್ರಿಗೂ ತಾತ. ಅವರನ್ನೂ ನಿನ್ನ ಪಾಲಿಗೇ ಬರೆಸ್ಕಂಡಿದ್ದೀಯೇನ್ಲಾ?”

ಕೋಪ ಬಂದರೆ ತಮ್ಮ ಸಿದ್ದರಾಮುವಿಗೆ ಮಾತಿಗಿಂತ ಮೊದಲು ಕೈ ಏಳುತ್ತಿತ್ತು. ಎದ್ದ ಕೈಯನ್ನು ಅಣ್ಣನ ಮೇಲೆ ಬಿಡಲಾರದೆ ಜಗಲಿಯ ಕಂಬಕ್ಕೆ ಊರಿಕೊಂಡು ನಿಂತ. ಒಳಗಿನಿಂದ ಅವನ ಹೆಂಡತಿ ಜಯಲಕ್ಷ್ಮಮ್ಮ, “ಅಣ್ಣ ತಮ್ಮ ಇಬ್ರೂ ಕಾಪಿ ಕುಡ್ದು ಆಮೇಲೆ ಬಡದಾಡ್ಕಳಿ. ಆರೋಯ್ತದೆ,” ಅಂದಳು. ಇಬ್ಬರೂ ಕುಡಿಯಲಿಲ್ಲ.

ಜಗಳದ ಮೂಲ ಅಂಗಳದಲ್ಲೇ ಗೋಣಿಚೀಲ ಹೊದ್ದು ಗೋಡೆಗೆ ಒರಗಿತ್ತು. ಎದೆ ಎತ್ತರದ ಕಪ್ಪು ಕಲ್ಲು, ನುಣ್ಣಗೆ ಉಜ್ಜಿ ಅಕ್ಷರ ಕೊರೆದದ್ದು. ಬೆಳಗ್ಗೆ ಎಂಟಕ್ಕೆ ಮದ್ದೂರಿನಿಂದ ಗೂಡ್ಸ್ ಆಟೋದಲ್ಲಿ ಬಂದು ಇಳಿದಿತ್ತು. ಅದರ ಹಿಂದೆಯೇ ಅಣ್ಣ ಜಯಪ್ರಕಾಶ್ ತನ್ನ ಕಾರಲ್ಲಿ ಬಂದಿಳಿದಿದ್ದ. ಮಂಡ್ಯದ ಕಚೇರಿಯೊಂದರಲ್ಲಿ ಮೂವತ್ತೈದು ವರ್ಷ ಫೈಲು ತಿರುವಿ ಈ ಬೇಸಿಗೆಯಲ್ಲಿ ರಿಟೈರಾದ ಮನುಷ್ಯ. ಮಾಡಲು ಕೆಲಸವಿಲ್ಲದವನಿಗೆ ತಾತ ಸಿಕ್ಕಿದ್ದರು.

ಸಿಕ್ಕಿದ್ದು ಅವನ ಮಗಳು ನಿಖಿತಾಳ ಕೈಯಿಂದ. ಮೈಸೂರಲ್ಲಿ ಹಿಸ್ಟರಿ ಪಾಠ ಹೇಳುವ ಹುಡುಗಿ, ಹಳೆ ಕಡತಗಳಲ್ಲಿ ಏನೋ ಹುಡುಕುತ್ತಾ ಪ್ರಜಾಪ್ರತಿನಿಧಿ ಸಭೆಯ ಅಚ್ಚಾದ ವರದಿಯೊಂದನ್ನು ತೆಗೆದಿದ್ದಳು. ಸಾವಿರದ ಒಂಬೈನೂರ ನಲವತ್ತೆರಡು, ದಸರಾ ಅಧಿವೇಶನ. ಆಗ ಯುದ್ಧದ ಕಾಲ. ಬರ್ಮಾದ ಗಡಿ ದಾಟಿ ಜನ ಕಾಡಲ್ಲಿ ನಡೆದು ಬರುತ್ತಿದ್ದರು, ಮಕ್ಕಳನ್ನು ಹೊತ್ತುಕೊಂಡು, ಹೆಣಗಳನ್ನು ದಾರಿಯಲ್ಲೇ ಬಿಟ್ಟುಕೊಂಡು. ಅವರ ಹೊಟ್ಟೆಗೂ ಆಗಬೇಕು, ಗಡಿ ಕಾಯುವ ಸಿಪಾಯಿಗಳಿಗೂ ಆಗಬೇಕು, ದುಡ್ಡು ಎಲ್ಲಿಂದ ತರುವುದು ಅಂತ ಸಭೆಯಲ್ಲಿ ಎರಡು ದಿನ ಮಾತು ನಡೆದಿತ್ತು. ಒಬ್ಬ ಸದಸ್ಯ, ನಮ್ಮ ಕೆರೆ ಏರಿಯೇ ಒಡೆದು ಕೂತಿದೆ, ಗಡಿ ಏರಿ ಕಟ್ಟೋದು ಹೇಗೆ ಅಂದಿದ್ದ. ಇನ್ನೊಬ್ಬ, ಕಂದಾಯ ಒಂದು ಕಾಸು ಏರಿಸಿದರೂ ಊರಿಗೆ ಹೋಗಿ ಮುಖ ತೋರಿಸೋ ಹಾಗಿಲ್ಲ ಅಂದಿದ್ದ. ಕೊನೆಗೆ ಸರ್ಕಾರದ ಕಡೆಯವರು ಒಂದು ದಾರಿ ತೆಗೆದರು. ಕಂದಾಯ ಬೇಡ, ದವಸ ಕೊಡಿ, ಅದೂ ಬಲವಂತಕ್ಕಲ್ಲ, ಮನಸಾರೆ. ಒಬ್ಬೊಬ್ಬರೇ ಎದ್ದು ತಮ್ಮ ಊರಿನ ಪಾಲು ಹೇಳಿ. ಗುಮಾಸ್ತ ಬರೆದುಕೊಳ್ಳುತ್ತಾನೆ.

ಎದ್ದು ನಿಂತವನು ಹಿಂದಿನವನಿಗಿಂತ ಕಡಿಮೆ ಹೇಳುವ ಹಾಗಿಲ್ಲ. ಹದಿನೈದು ಖಂಡುಗ ಅಂದರು, ಇಪ್ಪತ್ತು ಅಂದರು, ಇಪ್ಪತ್ತೈದು ಅಂದರು. ಇವರ ತಾತ, ಮಾಳದಕೊಪ್ಪಲಿನ ಪಟೇಲ ಮರಿಸಿದ್ದಯ್ಯ ಎದ್ದು, “ನಲವತ್ತು ಖಂಡುಗ ರಾಗಿ. ನಮ್ಮೂರಿನ ಹಗೇವು ಗಡಿಯವರ ಹೊಟ್ಟೆಗೆ,” ಅಂದರು. ಚಪ್ಪಾಳೆ ಅಂತ ವರದಿಯಲ್ಲಿ ಕಂಸದೊಳಗೆ ಅಚ್ಚಾಗಿತ್ತು. ಆ ಹಾಳೆಯ ಫೋಟೋವನ್ನು ಜಯಪ್ರಕಾಶ್ ಮೊಬೈಲಿನಲ್ಲಿಟ್ಟುಕೊಂಡು ಸಿಕ್ಕಸಿಕ್ಕವರಿಗೆ ತೋರಿಸುತ್ತಿದ್ದ.

ಆ ಹಗೇವು ಇದೇ ಅಂಗಳದಲ್ಲಿತ್ತು. ನೆಲದೊಳಗೆ ಹೂಜಿಯ ಹಾಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಹತ್ತು ಮಂದಿ ನಿಲ್ಲುವಷ್ಟು. ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿದರೆ ಹತ್ತು ವರ್ಷವಾದರೂ ಹುಳ ಬೀಳದು. ಈಗ ಅದಕ್ಕೆ ದವಸ ಹಾಕುವವರಿಲ್ಲ. ಚಪ್ಪಡಿ ಮಾತ್ರ ಮುಚ್ಚಿದ ಹಾಗೇ ಉಳಿದಿತ್ತು.

“ಬಾಯಿ ತಗ್ದು, ಸುತ್ತ ಕಬ್ಬಿಣದ ಕಂಬಿ ಹಾಕ್ಸಿ, ಮಗ್ಗುಲಲ್ಲಿ ಈ ಕಲ್ಲು ನಿಲ್ಲಿಸ್ತೀನಿ,” ಅಂದ ಜಯಪ್ರಕಾಶ್. “ನಾಳಿದ್ದು ಪಿತೃಪಕ್ಷದ ಅಮಾವಾಸ್ಯೆ. ಅವತ್ತೇ ಪೂಜೆ. ಸ್ಕೂಲ್ ಮಕ್ಕಳು ಬಂದು ನೋಡ್ಬೇಕು, ಇಡೀ ದೇಶದ ಗಡಿಗೆ ಅನ್ನ ಇಕ್ಕಿದ ಹಗೇವು ಅಂತ. ನಾಳೆ ಬೆಳಗ್ಗೆ ನಾಕು ಆಳು ಬತ್ತರೆ.”

“ಕಲ್ಲು ಬೇಕಾದ್ರೆ ದೇವಸ್ಥಾನದ ಮುಂದೆ ನಿಲ್ಸು. ಚಪ್ಪಡಿ ತಗೀಬ್ಯಾಡ.”

“ಯಾಕೆ ಅಂತ ಒಂದು ಮಾತು ಹೇಳು. ಒಂದೇ ಒಂದು. ಕೊಪ್ಪರಿಗೆ ಹೂತಿಟ್ಟಿದ್ದೀಯಾ? ಇಲ್ಲ ಆ ಮೂಲೇಲಿ ದೀಪ ನಿಲ್ಲಕಿಲ್ಲ ಅಂತ ಅಜ್ಜಿ ಹೆದರಿಸ್ತಿತ್ತಲ್ಲ, ಅದನ್ನ ಇನ್ನೂ ನಂಬ್ಕಂಡಿದ್ದೀಯಾ? ಗಾಳಿಗೆ ಆರ್ತದೆ ಕಣ್ಲಾ ದೀಪ.”

“ಆ ಮಾತಾಡ್ಬ್ಯಾಡ.”

“ಯಾವ ಮಾತು?”

“ಗಾಳಿಗೆ ಆರ್ತು ಅನ್ನೋ ಮಾತು ಈ ಮನೇಲಿ ಆಡ್ಬ್ಯಾಡ ಅಂದೆ.”

ಜಯಪ್ರಕಾಶ್ ತಮ್ಮನ ಮುಖ ನೋಡಿ, ಇವನಿಗೆ ಬಿಸಿಲು ಜಾಸ್ತಿಯಾಗಿದೆ ಅನ್ನುವ ಹಾಗೆ ತಲೆಯಾಡಿಸಿದ.

ಅಷ್ಟರಲ್ಲಿ ಜವರಯ್ಯ ಬಂದ. ಹತ್ತು ಗಂಟೆಯಾಯಿತು ಅಂತ ಗಡಿಯಾರ ನೋಡಬೇಕಾಗಿರಲಿಲ್ಲ. ಎಂಬತ್ತು ದಾಟಿದ ಮುದುಕ, ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಹುಣಸೆ ಕೋಲು. ಹುಟ್ಟಿದಾಗಿನಿಂದ ಈ ಮನೆಯ ಕೆಲಸ ಮಾಡಿದವನು. ಈಗ ಕೆಲಸವಿಲ್ಲ, ಹತ್ತು ಗಂಟೆಯ ಕಾಪಿ ಮಾತ್ರ ಉಳಿದಿದೆ. ಜಗಲಿ ಮೇಲೆ ಕೂತುಕೊ ಅಂದರೆ ಕೂರುತ್ತಿರಲಿಲ್ಲ. ಈ ಅಣ್ಣತಮ್ಮಂದಿರ ಅಪ್ಪನ ಕಾಲದಲ್ಲಿ ಅವನನ್ನು ಕೂರಗೊಡದ ಜಗಲಿ. ಕೂರಗೊಡುವ ಕಾಲ ಬಂದಾಗ ಅವನಿಗೆ ಬೇಡವಾಗಿತ್ತು. ಹಗೇವಿನ ಚಪ್ಪಡಿಯೇ ಅವನ ಜಾಗ. ಚಿಕ್ಕವನಿದ್ದಾಗಿನಿಂದ ಕೂತು ಕೂತು ಆ ಕಲ್ಲಿನ ಒಂದು ಮಗ್ಗುಲು ನುಣ್ಣಗಾಗಿತ್ತು. ಸಿದ್ದರಾಮುವಿನ ಅಜ್ಜಿ ಸಣ್ಣತಾಯಮ್ಮ ಬದುಕಿದ್ದಾಗ ಯಾರಾದರೂ ಅವನನ್ನು ಅಲ್ಲಿಂದ ಏಳಿಸಿದರೆ, “ಕೂತ್ಕಳ್ಲಿ ಬುಡ್ರೋ, ಅವನ ಜಾಗ ಅದು,” ಅಂತ ಗದರುತ್ತಿದ್ದಳು.

ಜವರಯ್ಯ ಕೋಲು ಮಲಗಿಸಿ ಕೂತ. “ಏನ್ ದೊಡ್ಡಬುದ್ಧಿ, ಮಂಡ್ಯದ ಸಕ್ಕರೆ ಸಾಕಾಯ್ತಾ? ಊರ್ ಕಡೆ ಬಂದವ್ರೆ.”

“ಬಾ ಜವರಣ್ಣ. ನಿನ್ನೇ ಕಾಯ್ತಿದ್ದೆ,” ಅಂದ ಜಯಪ್ರಕಾಶ್. ಗೋಣಿಚೀಲ ಎಳೆದು ತೆಗೆದ. “ಇಲ್ಲಿ ಬಾ. ಕೊನೇ ಸಾಲು ಮುಟ್ಟಿ ನೋಡು.”

“ನಂಗೆ ಓದಕ್ ಬತ್ತದಾ ಬುದ್ಧಿ.”

“ನಾನು ಓದ್ತೀನಿ ಕೇಳು. ‘ಈ ದವಸದೊಡನೆ ಗಡಿಗೆ ಹೋಗಿ ಮರಳದ ವೀರ ಕರಿಯಪ್ಪ.’ ಯಾರು ಹೇಳು?”

ಜವರಯ್ಯ ಬಾಯಿ ತೆರೆದವನು ಮುಚ್ಚಲಿಲ್ಲ. ಕರಿಯ ಅವನ ಅಪ್ಪ. ಜವರಯ್ಯ ತಾಯ ಹೊಟ್ಟೆಯಲ್ಲಿದ್ದಾಗ ರಾಗಿ ಗಾಡಿಗಳ ಜೊತೆ ಮದ್ದೂರು ಸ್ಟೇಷನ್ನಿಗೆ ಹೋದವನು ಅಲ್ಲೇ ದಂಡಿಗೆ ಸೇರಿ ರೈಲು ಹತ್ತಿದ ಅಂತ ಊರೆಲ್ಲ ಹೇಳುತ್ತಿತ್ತು. ಪಟೇಲರೇ ಸ್ವತಃ ಬಂದು ಗುಡಿಸಲ ಮುಂದೆ ನಿಂತು ಹೇಳಿದ್ದರು. ಕರಿಯನ ಹೆಂಡತಿ ಸಾಯುವವರೆಗೂ ಕುಂಕುಮ ಅಳಿಸಲಿಲ್ಲ, ಬಳೆ ತೆಗೆಯಲಿಲ್ಲ. ಪಿತೃಪಕ್ಷದಲ್ಲಿ ಜವರಯ್ಯ ಅಜ್ಜ, ಮುತ್ತಜ್ಜ, ಎಲ್ಲರಿಗೂ ಎಡೆ ಇಕ್ಕುತ್ತಿದ್ದ. ಅಪ್ಪನಿಗೆ ಮಾತ್ರ ಇಕ್ಕುತ್ತಿರಲಿಲ್ಲ. ಸತ್ತ ಸುದ್ದಿ ಬಾರದವನಿಗೆ ಎಡೆ ಇಕ್ಕಿದರೆ ಇದ್ದ ಜೀವ ಹೋಗುತ್ತದೆ ಅಂತ ಅವನ ತಾಯಿ ಆಣೆ ಹಾಕಿಸಿದ್ದಳು.

“ನಮ್ಮಪ್ಪನ ಎಸ್ರಾ?” ಅಂದ. ಎದ್ದು ಹೋಗಿ ಕಲ್ಲಿನ ಮೇಲೆ ಬೆರಳಿಟ್ಟ. ಬೆರಳು ಒಂದೊಂದು ಅಕ್ಷರದ ಗುಳಿಯೊಳಗೂ ಇಳಿದು ಇಳಿದು ಹತ್ತುತ್ತಿತ್ತು. “ಇದು ‘ಕ’ನಾ ಬುದ್ಧಿ? ಇದು?”

ಸಿದ್ದರಾಮು ಕಂಬ ಬಿಟ್ಟು ಒಳಗೆ ಹೋದ. ನಿಲ್ಲಲಾಗಲಿಲ್ಲ.

ಒಳಗಿನ ಕತ್ತಲೆಯಲ್ಲಿ ಅಜ್ಜಿಯ ಮಂಚ ಇನ್ನೂ ಗೋಡೆ ಮಗ್ಗುಲಲ್ಲೇ ಇತ್ತು. ಮೂವತ್ತೊಂದು ವರ್ಷದ ಹಿಂದೆ ಇಂಥದೇ ಪಿತೃಪಕ್ಷದ ಮಧ್ಯಾಹ್ನ, ಏಳಲಾರದ ಅಜ್ಜಿ ಅವನನ್ನು ಕರೆದಿದ್ದಳು. ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಪಿತೃಗಳಿಗೆ ಒಳಗೆ ಎಡೆ ಇಕ್ಕಿ ಆದ ಮೇಲೆ, ಇನ್ನೊಂದು ಎಲೆ ಹಗೇವಿನ ಚಪ್ಪಡಿ ಮೇಲೆ. ಯಾರಿಗೆ ಅಂತ ಕೇಳಿದರೆ, ಹಗೇವಿನೋರಿಗೆ ಅನ್ನುತ್ತಿದ್ದಳು. ಮಕ್ಕಳು ಅದು ಯಾವುದೋ ಭೂತ ಅಂತ ತಿಳಿದಿದ್ದರು. “ಇನ್ಮೇಲೆ ನೀನೇ ಇಕ್ಬೇಕು ಕಣ್ ಮಗ. ಯಾರ್ಗೆ ಅಂತ ಗೊತ್ತಿಲ್ದೆ ಇಕ್ಬಾರ್ದು,” ಅಂದು ಅಜ್ಜಿ ನಡೆದದ್ದೆಲ್ಲ ಹೇಳಿದ್ದಳು.

ನಲವತ್ತು ಖಂಡುಗ ಅಂದು ಬಂದ ಪಟೇಲರಿಗೆ ಮೈಸೂರಿನ ಚಪ್ಪಾಳೆ ಇಳಿಯುವ ಮೊದಲೇ ಅಮಲ್ದಾರರ ಕಾಗದ ಬಂತು. ನಾಳೆ ಬೆಳಗ್ಗೆ ಗಾಡಿ ಬರುತ್ತವೆ, ದವಸ ಸಿದ್ಧವಿರಲಿ. ಅವತ್ತು ಹಿಡಿದ ಜಡಿಮಳೆ. ಹಗೇವು ತೆಗೆಯುವುದಕ್ಕೆ ಒಂದು ಕ್ರಮವಿದೆ. ಬಿಸಿಲು ನೋಡಿ ಚಪ್ಪಡಿ ಸರಿಸಿ, ಒಂದು ಹಗಲು ಒಂದು ರಾತ್ರಿ ಬಾಯಿ ತೆರೆದು ಬಿಡಬೇಕು. ಒಳಗೆ ಕುಂತ ಉಬ್ಬಸದ ಗಾಳಿ ಹೋಗಬೇಕು. ಆಮೇಲೆ ಕುಕ್ಕೆಯಲ್ಲಿ ಹಣತೆ ಹಚ್ಚಿಟ್ಟು ಹಗ್ಗದಲ್ಲಿ ಇಳಿಬಿಡಬೇಕು. ದೀಪ ಉರಿದರೆ ಮನುಷ್ಯ ಇಳಿಯಬಹುದು. ಆರಿದರೆ ಇಳಿಯಬಾರದು. ಇದನ್ನು ಮಾಳದಕೊಪ್ಪಲಲ್ಲಿ ಆರು ವರ್ಷದ ಮಗುವೂ ಬಲ್ಲದು.

ಅವತ್ತು ಮುಸ್ಸಂಜೆಗೆ ಮುಂಚೆ, ಮಳೆಗೆ ಗೋಣಿ ಹಿಡಿದು ಚಪ್ಪಡಿ ಸರಿಸಿದರು. ಪಟೇಲರು, ಅವರ ಭಾವಮೈದ, ಆಳು ಕರಿಯ. ಮೂರೇ ಜನ. ದೀಪ ಇಳಿಬಿಟ್ಟರು. ಎರಡು ಮೊಳ ಇಳಿಯುವಷ್ಟರಲ್ಲಿ ಆರಿತು. ಕರಿಯ ಪಟೇಲರ ಮುಖ ನೋಡಿದ. ಪಟೇಲರು ಗಾಡಿ ಬರುವ ದಾರಿ ನೋಡಿದರು.

“ಗಾಳಿಗೆ ಆರ್ತು. ಇಳಿ,” ಅಂದರು.

ಕರಿಯ ಇಳಿದ. ಹಗ್ಗ ಸೊಂಟಕ್ಕೆ ಬಿಗಿಯುವಷ್ಟು ಪುರುಸೊತ್ತೂ ಕೊಡಲಿಲ್ಲ, ಕೈಯಲ್ಲಿ ಹಿಡಿದು ಇಳಿದ. ಒಳಗೆ ರಾಗಿ ಸರ್ರನೆ ಜಾರಿದ ಸದ್ದು ಕೇಳಿತು. ಕೂಗು ಕೇಳಲಿಲ್ಲ. ಅರ್ಧ ಇಳಿದ ಭಾವಮೈದನ ಕಣ್ಣು ಮೇಲಾಗಿ, ಅವನನ್ನು ಎಳೆದು ಹಾಕಿದ್ದೇ ದೊಡ್ಡದಾಯಿತು. ಆಮೇಲೆ ಕತ್ತಲಾಯಿತು. ಹೆಣ ಮೇಲೆತ್ತಿದರೆ ಪಂಚನಾಮೆ, ಪೊಲೀಸು, ಮನಸಾರೆ ಕೊಟ್ಟ ದವಸದ ಮೇಲೆ ಹೆಣ. ಪಟೇಲರು ಚಪ್ಪಡಿ ಎಳೆಸಿ, ತಾವೇ ಮಣ್ಣು ಕಲಸಿ ಮೆತ್ತಿದರು. ಬಾಗಿಲ ಸಂದಿಯಲ್ಲಿ ನಿಂತಿದ್ದ ಇಪ್ಪತ್ನಾಕು ವರ್ಷದ ಹೆಂಡತಿಗೆ, “ಇಳಿದೋನು ದಂಡಿಗೆ ಹೋದ. ತಿಳೀತಾ?” ಅಂದರು.

ನಲವತ್ತು ಖಂಡುಗ ಮಾರನೆ ದಿನ ಹೋಯಿತು. ಹಗೇವಿನಿಂದಲ್ಲ. ಮನೆಮನೆಯ ಅಡಕಲು ಗಡಿಗೆ ಕೆದಕಿ, ಬಿತ್ತನೆಗಿಟ್ಟ ರಾಗಿಯನ್ನೂ ಬಿಡದೆ ಬಳಿದು ಹೋಯಿತು. ಬರುವ ವರ್ಷ ಊರು ಸೊಪ್ಪು ಬೇಯಿಸಿಕೊಂಡು ತಿಂದಿತು. ಗಡಿಯಲ್ಲಿ ಯಾರ ಹೊಟ್ಟೆಗೆ ಅದು ಸೇರಿತೋ ಅಜ್ಜಿಗೆ ಗೊತ್ತಿರಲಿಲ್ಲ. ಪಾಪ, ಅವರೂ ಹಸಿದೋರೇ ಅಂತ ಮಾತ್ರ ಅಂದಿದ್ದಳು.

ಅಂದಿನಿಂದ ಆ ಮೂಲೆಯಲ್ಲಿ ದೀಪ ನಿಂತದ್ದಿಲ್ಲ. ಕಾರ್ತೀಕದಲ್ಲಿ ಜಗಲಿ ಉದ್ದಕ್ಕೂ ಹಣತೆ ಇಟ್ಟರೆ ಎಲ್ಲ ಉರಿದು ಚಪ್ಪಡಿ ಕಡೆಯದು ಒಂದು ಆರುತ್ತಿತ್ತು. ಹುಡುಗನಾಗಿದ್ದಾಗ ಸಿದ್ದರಾಮು ಚಪ್ಪಡಿಗೆ ಕಿವಿಯಿಟ್ಟು, ಒಳಗೆ ರಾಗಿ ಸರಿಯುವ ಸದ್ದು ಕೇಳಿದ್ದ. ಯಾರೋ ಕೂತ ಕಾಲು ಬದಲಾಯಿಸಿದ ಹಾಗೆ. ಕತೆ ತಿಳಿದ ಮೇಲೆ ಕಿವಿಯಿಡಬೇಕಾಗಿರಲಿಲ್ಲ. ಅಂಗಳ ದಾಟುವಾಗ ಅಂಗಾಲಿಗೇ ತಿಳಿಯುತ್ತಿತ್ತು. ಜವರಯ್ಯ ಬಂದು ಕೂತಾಗ ಮಾತ್ರ ಸದ್ದು ನಿಲ್ಲುತ್ತಿತ್ತು. ಅವನು ಕಾಪಿ ಕುಡಿದು ಏಳುವವರೆಗೂ ಒಳಗೆ ಉಸಿರು ಹಿಡಿದ ಹಾಗೆ ನಿಶ್ಶಬ್ದ.

ಹೊರಗೆ ಕಾರು ಶುರುವಾಯಿತು. “ಮಳವಳ್ಳಿಗೋಗಿ ಪೂಜೆ ಸಾಮಾನು ತತ್ತೀನಿ,” ಅಂತ ಜಯಪ್ರಕಾಶ್ ಕೂಗಿದ. “ನಿನ್ನ ಗಂಡನ್ಗೆ ಬುದ್ಧಿ ಹೇಳಮ್ಮ. ನಾಳೆ ಆಳು ಬಂದಾಗ ನಂಗೆ ರಂಪ ಬ್ಯಾಡ.”

ಸಿದ್ದರಾಮು ಹೊರಗೆ ಬಂದಾಗ ಜವರಯ್ಯ ಮತ್ತೆ ಚಪ್ಪಡಿ ಮೇಲೆ ಕೂತಿದ್ದ. ಕಾಪಿ ಲೋಟ ಎರಡೂ ಕೈಯಲ್ಲಿ. ಕಲ್ಲಿನ ಕಡೆಯೇ ನೋಡುತ್ತಿದ್ದ.

“ನಮ್ಮವ್ವ ನೋಡ್ಬೇಕಿತ್ತು ಬುದ್ಧಿ. ಸಂತೇಲಿ ಸಿಪಾಯಿ ಕಂಡ್ರೆ ಸಾಕು, ಓಡೋಗಿ ಮಕ ನೋಡೋಳು.”

ಸಿದ್ದರಾಮು ಜಗಲಿಯಿಂದಿಳಿದು ಅವನೆದುರು ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತ. ಜವರಯ್ಯನಿಗೆ ಗಾಬರಿಯಾಯಿತು. “ಯಾಕ್ ಬುದ್ಧಿ, ಕೆಳುಗೆ?”

“ಜವರಣ್ಣ, ನಾಳೆ ಈ ಚಪ್ಪಡಿ ತಗೀತಾರೆ. ತಗುದ್ರೆ ಊರೆಲ್ಲ ನೋಡ್ತದೆ. ಅದಕ್ಕೂ ಮೊದಲು ನೀನು ನನ್ನ ಬಾಯಲ್ಲಿ ಕೇಳ್ಬೇಕು.”

“ಏನ?”

“ನಿಮ್ಮಪ್ಪ ಮದ್ದೂರಿಗೆ ಹೋಗ್ಲಿಲ್ಲ.”

ಹೇಳಿದ. ಸುತ್ತಿ ಬಳಸಿ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಸೌದೆ ಸೀಳಿದ ಹಾಗೆ ಹೇಳಿದ. ಮಳೆ, ಅಮಲ್ದಾರರ ಕಾಗದ, ಮೂರು ಜನ, ಮಣ್ಣು ಮೆತ್ತಿದ ತಾತನ ಕೈ. ಹೇಳುವಾಗ ತನ್ನ ಕೈಯನ್ನು ಎಲ್ಲಿಡುವುದೆಂದು ತಿಳಿಯದೆ ನೆಲ ಕೆರೆಯುತ್ತಿದ್ದ. ಬಾಗಿಲಲ್ಲಿ ಬಂದು ನಿಂತ ಜಯಲಕ್ಷ್ಮಮ್ಮ ಸೆರಗು ಬಾಯಿಗೆ ಇಟ್ಟುಕೊಂಡಳು. ಅವಳಿಗೂ ಇದೇ ಮೊದಲು ತಿಳಿದದ್ದು.

ಜವರಯ್ಯ ಕಾಪಿ ಲೋಟವನ್ನು ಚಪ್ಪಡಿ ಮೇಲಿಟ್ಟ.

“ದೀಪ ಇಳಿಬುಟ್ಟಿದ್ರಾ?” ಅಂತ ಕೇಳಿದ.

“ಇಳಿಬುಟ್ಟಿದ್ರು.”

“ಆರ್ತಾ?”

“ಆರ್ತು.”

“ಆರಿದ್ ಮೇಲೂ ಇಳಿಸಿದ್ರು.”

“ಊಂ.”

ಜವರಯ್ಯ ಕೂತ ಕಲ್ಲನ್ನು ಅಂಗೈಯಲ್ಲಿ ಸವರಿದ, ಮಲಗಿದ ಹಸುವಿನ ಬೆನ್ನು ಸವರುವ ಹಾಗೆ. ಅದು ಬಿಸಿಲಿಗೆ ಬೆಚ್ಚಗಿತ್ತು. “ನಿಂಗೆ ಯಾವಾಗ ಗೊತ್ತಾಯ್ತು?”

ಈ ಪ್ರಶ್ನೆ ಬರುತ್ತದೆ ಅಂತ ಸಿದ್ದರಾಮು ಎಣಿಸಿರಲಿಲ್ಲ. ತಾತನ ಪಾಪ ಹೇಳಿ ಮುಗಿಸಿದರೆ ತನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದ.

“ಅಜ್ಜಿ ತೀರ್ಕಂಡ ವರ್ಷ.”

“ಅವತ್ತು ನಮ್ಮವ್ವ ಬದುಕಿದ್ಲು.”

“ಊಂ.”

“ಇನ್ನೂ ಆರು ವರ್ಷ ಬದುಕಿದ್ಲು. ಕುಂಕುಮ ಇಟ್ಕಂಡು.”

ಸಿದ್ದರಾಮು ತಲೆ ಎತ್ತಲಿಲ್ಲ.

“ಮೂವತ್ತೊಂದು ವರ್ಷ ದಿನಾ ಬಂದು ಇಲ್ಲೇ ಕೂತೆ. ನೀನು ಕಾಪಿ ಕೊಡಿಸ್ದೆ.” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸಿದ್ದರಾಮು ತಡೆದುಕೊಳ್ಳುತ್ತಿದ್ದ. ಸಿಟ್ಟು ಅವನಿಗೆ ಗೊತ್ತಿದ್ದ ಭಾಷೆ. “ಬುದ್ಧಿ ಅಂದೆ ನಿನ್ನ. ನನ್ನ ಮಗನ ವಯಸ್ಸು ನಿಂದು.”

“ಪ್ರತಿ ವರ್ಷ ಎಡೆ ಇಕ್ಕಿದೀವಿ ಜವರಣ್ಣ. ಒಂದು ವರ್ಷಾನೂ ತಪ್ಪಿಸಿಲ್ಲ. ಇದೇ ಚಪ್ಪಡಿ ಮೇಲೆ.”

“ನೀವು ಇಕ್ಕುದ್ರೆ ಅವನ್ಗೆ ಮುಟ್ತದಾ?” ಅಂದ ಜವರಯ್ಯ. “ಮಗ ಇದ್ದ. ಮಗ ಇಕ್ಬೇಕಿತ್ತು. ಎಂಬತ್ತು ವರ್ಷ ಉಪವಾಸ ಕೆಡವಿದ್ರಿ ಅವನ. ರಾಗಿ ಮೇಲೆ ಮಲಗ್ಸಿ.”

ಲೋಟದಲ್ಲಿ ಕಾಪಿ ಅರ್ಧ ಉಳಿದಿತ್ತು. ಅದನ್ನು ಪಕ್ಕದ ಮಣ್ಣಿಗೆ ಚೆಲ್ಲಿ, ಲೋಟ ಬೋರಲು ಹಾಕಿ ಎದ್ದ. ಟವೆಲ್ಲನ್ನು ಹೆಗಲಿಂದ ತೆಗೆದು ನೆಲದ ಮೇಲೆ ಹಾಸಿದ. ಚಪ್ಪಡಿಯ ಅಂಚಿಗೆ ಮೆತ್ತಿದ್ದ, ಹಂಚಿನ ಹಾಗೆ ಗಟ್ಟಿಯಾಗಿದ್ದ ಹಳೆಯ ಮಣ್ಣನ್ನು ಕೋಲಿನ ತುದಿಯಿಂದ ಕೆತ್ತಿದ. ಸಿದ್ದರಾಮು ಕೈಹಾಕಲು ಹೋದಾಗ, “ನೀನು ಮುಟ್ಬ್ಯಾಡ ಸಿದ್ರಾಮು,” ಅಂದ. ಆ ಬಾಯಲ್ಲಿ ಸಿದ್ದರಾಮು ತನ್ನ ಹೆಸರು ಕೇಳಿದ್ದು ಅದೇ ಮೊದಲು.

ಒಂದು ಹಿಡಿ ಮಣ್ಣಾಯಿತು. ಟವೆಲ್ಲಿನ ಮೂಲೆಗೆ ಗಂಟು ಹಾಕಿ ಎದೆಗಿಟ್ಟುಕೊಂಡ.

“ಆ ಕಲ್ಲಿಂದ ನಮ್ಮಪ್ಪನ ಎಸ್ರು ಕೆತ್ತಿ ಹಾಕ್ಸು. ನಿಮ್ಮ ತಾತನ ಕೆಳುಗೆ ಬ್ಯಾಡ ಅದು.”

“ಆಯ್ತು.”

“ಚಪ್ಪಡಿ ತಗದ್ರೆ, ಒಂದು ಅಗಲು ಒಂದು ರಾತ್ರಿ ಬಾಯಿ ಬುಡಿ. ದೀಪ ಇಳಿಬುಡಿ. ಆರಿದ್ರೆ ಯಾರ ಮಗನ್ನೂ ಇಳಿಸ್ಬೇಡಿ.”

“ಎಲ್ಲಿಗೆ ಹೋಯ್ತೀಯ ಜವರಣ್ಣ? ಇರು, ಗಾಡಿ ತಗೀತೀನಿ. ಆ ಮಣ್ಣ ಬುಡಕ್ಕೆ ಹೊಳೆಗಾದ್ರೆ ನಾನೇ ಬಿಡ್ತೀನಿ.”

ಜವರಯ್ಯ ಕೋಲು ಊರಿಕೊಂಡು ಅಂಗಳ ದಾಟಿದ. ಕಪ್ಪು ಕಲ್ಲಿನ ಮುಂದೆ ಹಾದು ಹೋದರೂ ಅದರ ಕಡೆ ತಿರುಗಲಿಲ್ಲ. ಬೇಲಿ ಬಾಗಿಲನ್ನು, ಎಂದಿನ ಹಾಗೆ ದನ ನುಗ್ಗದಿರಲಿ ಅಂತ, ಎಳೆದು ಕೊಂಡಿ ಹಾಕಿದ. ಗುಡಿಸಲ ದಾರಿ ಹಿಡಿಯದೆ ನಾಲೆ ಏರಿ ಹತ್ತಿ ಕಿರುಗಾವಲಿನ ಬಸ್ ಸ್ಟಾಂಡ್ ಕಡೆ ತಿರುಗಿದ. ಕಬ್ಬಿನ ಸೂಲಂಗಿಯ ಮೇಲೆ ಅವನ ತಲೆ ಸ್ವಲ್ಪ ಹೊತ್ತು ಕಂಡಿತು.

“ಹೋಗಿ ಕರ‍್ಕಬನ್ನಿ,” ಅಂದಳು ಜಯಲಕ್ಷ್ಮಮ್ಮ.

ಸಿದ್ದರಾಮು ಏಳಲಿಲ್ಲ. ನಾಳೆ ಹತ್ತು ಗಂಟೆಗೆ ಬರುತ್ತಾನೆ, ಇಷ್ಟು ವರ್ಷ ಬಂದವನು ಎಲ್ಲಿಗೆ ಹೋದಾನು ಅಂತ ಹೇಳಬೇಕೆಂದು ಬಾಯಿ ತೆರೆದ. ಬೋರಲು ಹಾಕಿದ ಲೋಟ ಚಪ್ಪಡಿ ಮೇಲೆ ಸಣ್ಣಗೆ ಅಲುಗಾಡುತ್ತಿತ್ತು. ಕೆಳಗೆ ರಾಗಿ ಸರಿಯತೊಡಗಿತ್ತು. ಯಾವತ್ತಿನ ಹಾಗೆ ಕಾಲು ಬದಲಾಯಿಸಿದ ಸದ್ದಲ್ಲ. ಕೂತಿದ್ದವನು ಏಳಲು ಹೆಣಗುವ ಸದ್ದು, ಬಿಡದೆ, ಜವರಯ್ಯ ಹೋದ ದಿಕ್ಕಿಗೆ.

ನಾಲೆ ಏರಿಯ ಮೇಲೆ ಆಗ ಯಾರೂ ಕಾಣುತ್ತಿರಲಿಲ್ಲ. ಹತ್ತು ಗಂಟೆಯ ಆ ಲೋಟಕ್ಕೆ ಮತ್ತೆ ಕಾಪಿ ಬಗ್ಗಿಸುವ ದಿನ ಬರಲಿಲ್ಲ.